ಮಣ್ಣಿನಲ್ಲಿ ಸಿಕ್ಕಿಬಿದ್ದ ರಂಜಕವನ್ನು ಬಿಡಿಸುವ ಬ್ಯಾಕ್ಟೀರಿಯಾ: ಪುಣೆಯ ಸುತ್ತ ಹೊಲ ಮಾಡುವ ಕನ್ನಡಿಗರಿಗೆ ಸಮಗ್ರ ಮಾರ್ಗದರ್ಶಿ

ಪುಣೆಯ ಮಾರ್ಕೆಟ್ ಯಾರ್ಡ್ ಕಡೆಯ ಗೊಬ್ಬರದ ಅಂಗಡಿಯಲ್ಲಿ ‘ಪಿಎಸ್‌ಬಿ’ (ರಂಜಕ ಕರಗಿಸುವ ಬ್ಯಾಕ್ಟೀರಿಯಾ) ಎಂದು ಕೇಳಿದರೆ ಸಾಕು, ಕಪ್ಪು ಪುಡಿಯ ಪೊಟ್ಟಣವನ್ನೋ ದ್ರವದ ಬಾಟಲಿಯನ್ನೋ ಮುಂದಿಡುತ್ತಾರೆ. ಮರಾಠಿ ಲೇಬಲ್ಲಿನ ಮೇಲೆ ‘ಸ್ಫುರದ’ ಎಂದು ಕಂಡರೆ ಅದೇ ನಮ್ಮ ರಂಜಕ, ಅಂದರೆ ಫಾಸ್ಫರಸ್. ರಂಜಕದ ರಸಗೊಬ್ಬರವಾದ ಡಿಎಪಿಯ ಒಂದು ಚೀಲದ ಬೆಲೆಯ ಮುಂದೆ ಈ ಪೊಟ್ಟಣದ ಬೆಲೆ ಏನೂ ಅಲ್ಲ. ಅಗ್ಗವಾದ್ದರಿಂದಲೋ ಏನೋ, ಅದನ್ನು ಯೋಚಿಸಿ ಬಳಸುವವರು ಕಡಿಮೆ. ಹೊಲದ ತುಂಬ ಎರಚಿ ಮರೆತುಬಿಡುವವರು ಕೆಲವರು. ಅದನ್ನು ಹಾಕಿದ ಮೇಲೆ ರಂಜಕದ ಗೊಬ್ಬರವೇ ಬೇಡ ಎಂದು ನಂಬುವವರು ಇನ್ನು ಕೆಲವರು.

ವಿಜಯಪುರ, ಕಲಬುರಗಿ, ಬಾಗಲಕೋಟೆ, ಬೆಳಗಾವಿ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿ, ಸಾಸವಡದ ಬಳಿಯೋ ಮುಳಶಿಯ ಕಡೆಯೋ ಒಂದೆರಡು ಎಕರೆಯಲ್ಲಿ ಕೃಷಿ ಮಾಡುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಊರಿನ ಎರೆಹೊಲವನ್ನು ಇಲ್ಲಿಂದಲೇ ಫೋನಿನಲ್ಲಿ ನೋಡಿಕೊಳ್ಳುವವರಿಗೂ ಹೆಚ್ಚಿನದೆಲ್ಲ ಅನ್ವಯಿಸುತ್ತದೆ. ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು: ಈ ಬ್ಯಾಕ್ಟೀರಿಯಾ ರಂಜಕವನ್ನು ಹುಟ್ಟಿಸುವುದಿಲ್ಲ. ರೈಜೋಬಿಯಂ ಗಾಳಿಯಿಂದ ಸಾರಜನಕವನ್ನು ಹಿಡಿದು ಕೊಡುವಂತೆ, ಇವು ಎಲ್ಲಿಂದಲೂ ಏನನ್ನೂ ತರುವುದಿಲ್ಲ. ನೆಲದಲ್ಲಿ ಇರುವುದನ್ನು ಬಿಡಿಸುತ್ತವೆ, ಅಷ್ಟೆ. ನೆಲದಲ್ಲೇ ಇಲ್ಲದಿದ್ದರೆ ಪೊಟ್ಟಣ ಕೊಂಡ ಹಣ ದಂಡ.

ರಂಜಕ ಎಲ್ಲಿ ಸಿಕ್ಕಿಕೊಳ್ಳುತ್ತದೆ

ಪುಣೆ ಜಿಲ್ಲೆಯ ಮಣ್ಣು ಬಹುಪಾಲು ದಖ್ಖನ್ನಿನ ಬಸಾಲ್ಟ್ ಶಿಲೆ ಸವೆದು ಆದದ್ದು. ಮೂಲ ಒಂದೇ ಆದರೂ ಮಳೆ ಅದನ್ನು ಎರಡು ಬಗೆಯಾಗಿ ಮಾಡಿದೆ. ಮುಳಶಿ, ಮಾವಳ, ಭೋರದ ಪಶ್ಚಿಮ ಭಾಗದಲ್ಲಿ ಸಹ್ಯಾದ್ರಿಯ ಮಳೆ ಸುಣ್ಣದ ಅಂಶವನ್ನು ತೊಳೆದು ಒಯ್ದಿದೆ. ಉಳಿದ ಕೆಂಪು-ಕಂದು ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಮೇಲುಗೈ ಪಡೆದಿವೆ. ಪೂರ್ವಕ್ಕೆ ದೌಂಡ್, ಬಾರಾಮತಿ, ಇಂದಾಪುರದತ್ತ ಇಳಿದಂತೆ ಮಳೆ ಹಲವು ಪಟ್ಟು ಕಡಿಮೆಯಾಗುತ್ತದೆ, ಸುಣ್ಣ ನೆಲದಲ್ಲೇ ಉಳಿಯುತ್ತದೆ. ಅಲ್ಲಿಯ ಕಪ್ಪು ಮಣ್ಣನ್ನು ಅಗೆದರೆ ಬಿಳಿ ಸುಣ್ಣದ ಹರಳುಗಳು ಕೈಗೆ ಸಿಗುತ್ತವೆ. ರಸಸಾರ, ಅಂದರೆ ಪಿಎಚ್, ಎಂಟನ್ನು ದಾಟಿರುವುದು ಸಾಮಾನ್ಯ.

ರಂಜಕಕ್ಕೆ ಎರಡೂ ಕಡೆ ಬಿಡುಗಡೆಯಿಲ್ಲ. ಸುಣ್ಣದ ನೆಲದಲ್ಲಿ ಕ್ಯಾಲ್ಸಿಯಂ ಅದನ್ನು ಹಿಡಿದುಕೊಳ್ಳುತ್ತದೆ, ಹುಳಿ ನೆಲದಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ. ನೀವು ಹಾಕಿದ ಡಿಎಪಿಯ ರಂಜಕದಲ್ಲಿ ಅದೇ ಹಂಗಾಮಿನ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ನೂರಕ್ಕೆ ಹತ್ತರಿಂದ ಇಪ್ಪತ್ತೈದು ಪಾಲು. ಉಳಿದದ್ದು ಹಾಳಾಗುವುದಿಲ್ಲ, ಕರಗದ ರೂಪದಲ್ಲಿ ನೆಲದಲ್ಲೇ ಕೂಡುತ್ತಾ ಹೋಗುತ್ತದೆ. ವರ್ಷಗಟ್ಟಲೆ ಡಿಎಪಿ ಉಂಡ ಕಬ್ಬಿನ ಗದ್ದೆ, ದ್ರಾಕ್ಷಿ ತೋಟಗಳಲ್ಲಿ ಹೀಗೆ ಕೂಡಿದ ಗಂಟು ದೊಡ್ಡದಿರುತ್ತದೆ.

ಒಂದು ಎಕರೆಯಲ್ಲಿ ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕ ಸುಮಾರು 9 ಲಕ್ಷ ಕಿಲೋ. ಒಂದು ಕಿಲೋ ಮಣ್ಣಿನಲ್ಲಿ ಒಟ್ಟು 400 ಮಿಲಿಗ್ರಾಂ ರಂಜಕ ಇದೆ ಎಂದುಕೊಂಡರೆ ಎಕರೆಗೆ 360 ಕಿಲೋ ಆಯಿತು. ಅದೇ ಹೊಲದ ಪರೀಕ್ಷಾ ವರದಿ ‘ಲಭ್ಯ ರಂಜಕ ಎಕರೆಗೆ 4 ಕಿಲೋ’ ಎಂದು ಹೇಳಬಹುದು. ಬೇರು ಹೀರುವುದು ನೀರಿನಲ್ಲಿ ಕರಗಿದ ಫಾಸ್ಫೇಟನ್ನು ಮಾತ್ರ. ಅದೂ ಮಣ್ಣಿನಲ್ಲಿ ಬಹಳ ನಿಧಾನವಾಗಿ ಸರಿಯುವುದರಿಂದ, ಬೇರಿನ ಸುತ್ತ ಒಂದೆರಡು ಮಿಲಿಮೀಟರ್ ಜಾಗ ಬೇಗ ಬರಿದಾಗುತ್ತದೆ. ಈ ಒಂದೆರಡು ಮಿಲಿಮೀಟರನ್ನು ನೆನಪಿಟ್ಟುಕೊಳ್ಳಿ. ಮುಂದೆ ಹೇಳುವ ವಿಧಾನಗಳೆಲ್ಲ ಅದನ್ನೇ ಗುರಿಯಾಗಿಟ್ಟುಕೊಂಡಿವೆ.

ಈ ಜೀವಿಗಳು ಮಾಡುವ ಕೆಲಸ

ಪೊಟ್ಟಣದಲ್ಲಿ ಹೆಚ್ಚಾಗಿ ಇರುವುದು ಬ್ಯಾಸಿಲಸ್ ಮೆಗಾಟೇರಿಯಂ, ಬ್ಯಾಸಿಲಸ್ ಪಾಲಿಮಿಕ್ಸಾ, ಸ್ಯೂಡೋಮೊನಾಸ್ ಸ್ಟ್ರಯಾಟಾ ಮುಂತಾದ ಬ್ಯಾಕ್ಟೀರಿಯಾಗಳು. ಆಸ್ಪರ್ಜಿಲಸ್ ಅವಮೋರಿಯಂಥ ಶಿಲೀಂಧ್ರಗಳೂ ಈ ಕೆಲಸ ಮಾಡುತ್ತವೆ. ಸಕ್ಕರೆಯನ್ನು ಉಂಡು ಗ್ಲೂಕಾನಿಕ್, ಸಿಟ್ರಿಕ್, ಆಕ್ಸಾಲಿಕ್ ಆಮ್ಲಗಳನ್ನು ಹೊರಬಿಡುವುದು ಇವುಗಳ ಮುಖ್ಯ ಉಪಾಯ. ಆಮ್ಲವು ಕ್ಯಾಲ್ಸಿಯಂ ಫಾಸ್ಫೇಟನ್ನು ಕರಗಿಸುತ್ತದೆ. ಕೆಲವು ಆಮ್ಲಗಳು ಕಬ್ಬಿಣ, ಅಲ್ಯೂಮಿನಿಯಂಗಳನ್ನು ತಾವೇ ಹಿಡಿದುಕೊಂಡು ರಂಜಕವನ್ನು ಬಿಡಿಸುತ್ತವೆ. ಇನ್ನೊಂದು ಉಪಾಯ ಕಿಣ್ವಗಳದು. ಮಣ್ಣಿನ ರಂಜಕದಲ್ಲಿ ಒಂದು ದೊಡ್ಡ ಪಾಲು ಸತ್ತ ಎಲೆ, ಬೇರು, ಸಗಣಿಗಳ ಸಾವಯವ ಪದಾರ್ಥದೊಳಗೆ ಇರುತ್ತದೆ. ಫಾಸ್ಫಟೇಸ್, ಫೈಟೇಸ್ ಎಂಬ ಕಿಣ್ವಗಳು ಅದನ್ನು ಕತ್ತರಿಸಿ ಹೊರತೆಗೆಯುತ್ತವೆ.

ಇಂಥ ಜೀವಿಗಳನ್ನು ಗುರುತಿಸಲು ಪಿಕೋವ್ಸ್ಕಯಾ ಎಂಬ ರಷ್ಯನ್ ವಿಜ್ಞಾನಿ 1948ರಲ್ಲಿ ವಿವರಿಸಿದ ಮಾಧ್ಯಮವನ್ನೇ ಪ್ರಯೋಗಾಲಯಗಳು ಇಂದಿಗೂ ಬಳಸುತ್ತವೆ. ಬಿಳಿಯಾಗಿ ಮಂಜುಮಂಜಾಗಿರುವ ಆ ಮಾಧ್ಯಮದಲ್ಲಿ ಲೀಟರಿಗೆ 5 ಗ್ರಾಂ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಇರುತ್ತದೆ. ಬ್ಯಾಕ್ಟೀರಿಯಾ ಅದನ್ನು ಕರಗಿಸಿದರೆ ಅದರ ಸುತ್ತ ತಿಳಿಯಾದ ವರ್ತುಲ ಮೂಡುತ್ತದೆ. ಮಾರಾಟದ ಕರಪತ್ರಗಳಲ್ಲಿ ಈ ವರ್ತುಲದ ಚಿತ್ರ ಹಾಕುವುದುಂಟು. ಅದನ್ನು ನೋಡಿ ಮರುಳಾಗಬೇಡಿ. ಅದೇ ಮಾಧ್ಯಮದಲ್ಲಿ ಲೀಟರಿಗೆ 10 ಗ್ರಾಂ ಗ್ಲೂಕೋಸ್ ಕೂಡ ಇರುತ್ತದೆ. ಅಂಥ ಔತಣ ಯಾವ ಹೊಲದಲ್ಲೂ ಇಲ್ಲ. ಸಾಲದೆಂಬಂತೆ, ಸುಣ್ಣ ತುಂಬಿದ ಕಪ್ಪು ಮಣ್ಣಿಗೆ ಆಮ್ಲವನ್ನು ನುಂಗಿ ಹಾಕುವ ಶಕ್ತಿ ಅಪಾರ. ಗಾಜಿನ ತಟ್ಟೆಯಲ್ಲಿ ಮೆರೆದ ಬ್ಯಾಕ್ಟೀರಿಯಾ ಇಂದಾಪುರದ ಎರೆಯಲ್ಲಿ ಬಿಟ್ಟ ಆಮ್ಲವೆಲ್ಲ ರಂಜಕವನ್ನು ಮುಟ್ಟುವ ಮೊದಲೇ ಸುಣ್ಣದೊಂದಿಗೆ ಸೇರಿ ತಣ್ಣಗಾಗಬಹುದು. ಒಂದೇ ಪೊಟ್ಟಣ ಒಬ್ಬರ ಹೊಲದಲ್ಲಿ ಕೆಲಸ ಮಾಡಿ ಇನ್ನೊಬ್ಬರಲ್ಲಿ ಮಾಡದಿರಲು ಇದೂ ಒಂದು ಕಾರಣ.

ಕೆಲವು ಬೆಳೆಗಳು ಈ ಕಸುಬನ್ನು ತಾವೇ ಬಲ್ಲವು. ಕಡಲೆಯ ಬೇರು ಆಮ್ಲಗಳನ್ನು ಒಸರಿ ಸುಣ್ಣದ ನೆಲದಿಂದ ರಂಜಕವನ್ನು ಎಳೆಯುತ್ತದೆ. ತೊಗರಿಯ ಬೇರಿನ ಪಿಸಿಡಿಕ್ ಆಮ್ಲ ಕಬ್ಬಿಣದ ಹಿಡಿತದಿಂದ ರಂಜಕವನ್ನು ಬಿಡಿಸುತ್ತದೆ ಎಂಬುದನ್ನು ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ನಡೆದ ಸಂಶೋಧನೆ 1990ರಲ್ಲಿ ತೋರಿಸಿತು. ಕಲಬುರಗಿಯವರಿಗೆ ತೊಗರಿಯ ಮೇಲಿನ ಅಭಿಮಾನಕ್ಕೆ ಇದೂ ಒಂದು ಕಾರಣವಾಗಬಹುದು.

ಹೆಜ್ಜೆ 1: ಮಣ್ಣು ಪರೀಕ್ಷೆ ಮಾಡಿಸಿ

ಈ ಹೆಜ್ಜೆಯನ್ನು ಬಿಟ್ಟು ಮುಂದೆ ಹೋಗಬೇಡಿ. ಗೊಬ್ಬರ ಹಾಕುವ ಮೊದಲು, ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತಾ ಹತ್ತು ಹದಿನೈದು ಕಡೆ 15 ಸೆಂಟಿಮೀಟರ್ ಆಳದ ‘ವಿ’ ಆಕಾರದ ಗುಂಡಿ ತೆಗೆದು, ಬದಿಯಿಂದ ಮೇಲಿಂದ ಕೆಳಗಿನವರೆಗೆ ಒಂದು ಪದರ ಮಣ್ಣು ಕೆರೆದುಕೊಳ್ಳಿ. ಬದು, ತಿಪ್ಪೆ, ಮರದ ಬುಡ, ಕಾಲುವೆಯ ಅಂಚುಗಳ ಮಣ್ಣು ಬೇಡ. ಎಲ್ಲವನ್ನೂ ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ತೆಗೆದುಹಾಕಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೇ ಮಾಡಿ ನೆರಳಿನಲ್ಲಿ ಒಣಗಿಸಿ. ಹಣ್ಣಿನ ಗಿಡಗಳಿಗಾದರೆ ಇನ್ನೂ ಆಳದ ಮಣ್ಣು ಬೇಕು. ಜಿಲ್ಲೆಯ ಮಣ್ಣು ಪರೀಕ್ಷಾ ಪ್ರಯೋಗಾಲಯ ಅಥವಾ ನಿಮಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಪುಣೆ ಜಿಲ್ಲೆಯಲ್ಲಿ ಬಾರಾಮತಿ ಮತ್ತು ನಾರಾಯಣಗಾಂವ್‌ಗಳಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ.

ವರದಿಯಲ್ಲಿ ಮೂರು ಅಂಕಿಗಳನ್ನು ಮೊದಲು ನೋಡಿ: ಪಿಎಚ್, ಸಾವಯವ ಇಂಗಾಲ, ಲಭ್ಯ ರಂಜಕ. ಲಭ್ಯ ರಂಜಕವನ್ನು ಅಳೆಯಲು ಸುಣ್ಣದ ನೆಲಕ್ಕೆ ಓಲ್ಸೆನ್ ವಿಧಾನ, ಹುಳಿ ನೆಲಕ್ಕೆ ಬ್ರೇ ವಿಧಾನ ಸರಿಯಾದದ್ದು. ಮುಳಶಿಯ ಕಡೆಯ ಮಣ್ಣಿನ ಪಿಎಚ್ ಆರಕ್ಕಿಂತ ಕಡಿಮೆ ಬಂದರೆ ಯಾವ ವಿಧಾನದಲ್ಲಿ ಅಳೆದರು ಎಂದು ಕೇಳಲು ಸಂಕೋಚ ಬೇಡ. ಓಲ್ಸೆನ್ ವಿಧಾನದಲ್ಲಿ ಹೆಕ್ಟೇರಿಗೆ 10 ಕಿಲೋಗಿಂತ ಕಡಿಮೆ ರಂಜಕವಿದ್ದರೆ ಕೊರತೆ, 25ರವರೆಗೆ ಮಧ್ಯಮ, ಅದಕ್ಕೂ ಮೇಲಿದ್ದರೆ ಹೆಚ್ಚು ಎಂದು ಲೆಕ್ಕ. ಕೆಲವು ವರದಿಗಳು ರಂಜಕವನ್ನು ಪೆಂಟಾಕ್ಸೈಡ್ (P2O5) ರೂಪದಲ್ಲಿ ಬರೆಯುತ್ತವೆ. ಹಾಗಿದ್ದರೆ ಆ ಅಂಕಿಯನ್ನು 2.29ರಿಂದ ಭಾಗಿಸಿ ಈ ಮಿತಿಗಳೊಂದಿಗೆ ಹೋಲಿಸಿ.

ಇನ್ನು ತೀರ್ಮಾನ. ಲಭ್ಯ ರಂಜಕ ಹೆಚ್ಚಿದ್ದರೆ ಈ ಹಂಗಾಮಿಗೆ ಪಿಎಸ್‌ಬಿ ಬೇಡ, ರಂಜಕದ ಗೊಬ್ಬರವನ್ನೂ ಕಡಿಮೆ ಮಾಡಿ. ಮಧ್ಯಮವಾಗಿದ್ದು, ಹಿಂದೆ ಹಲವು ವರ್ಷ ರಂಜಕ ಹಾಕಿದ ಹೊಲವಾಗಿದ್ದರೆ ಪಿಎಸ್‌ಬಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕೊರತೆಯಿದ್ದರೆ ಗೊಬ್ಬರವೂ ಬೇಕು, ಪಿಎಸ್‌ಬಿಯೂ ಬೇಕು. ಗುಡ್ಡದ ಇಳಿಜಾರಿನ ತೆಳು ಮುರುಮ್ ನೆಲದಲ್ಲಿ ಹೊಸದಾಗಿ ಸಾಗುವಳಿ ಶುರು ಮಾಡಿದ್ದರೆ ಅಲ್ಲಿ ಬಿಡಿಸಿಕೊಳ್ಳಲು ಕೂಡಿಟ್ಟ ರಂಜಕವೇ ಕಡಿಮೆ. ಅಂಥ ಕಡೆ ಮೊದಲ ಹಣ ಕೊಟ್ಟಿಗೆ ಗೊಬ್ಬರಕ್ಕೆ ಹೋಗಲಿ.

ಎಲೆಯ ಬಣ್ಣ ನೋಡಿ ತೀರ್ಮಾನಿಸುವವರಿಗೆ ಒಂದು ಎಚ್ಚರಿಕೆ. ರಂಜಕದ ಕೊರತೆಯಾದಾಗ ಮೆಕ್ಕೆಜೋಳದ ಹಳೆಯ ಎಲೆಗಳೂ ಟೊಮೆಟೊ ಎಲೆಯ ಅಡಿಭಾಗವೂ ನೇರಳೆಗೆ ತಿರುಗುತ್ತವೆ, ನಿಜ. ಆದರೆ ಡಿಸೆಂಬರ್-ಜನವರಿಯ ಪುಣೆಯ ಚಳಿಯಲ್ಲಿ ಎಳೆಯ ಸಸಿಗಳು ಬರೀ ತಣ್ಣನೆಯ ಮಣ್ಣಿನ ಕಾರಣಕ್ಕೂ ನೇರಳೆಯಾಗುತ್ತವೆ. ಬಿಸಿಲು ಏರಿದ ಮೇಲೆ ತಾವೇ ಸರಿಹೋಗುತ್ತವೆ.

ಹೆಜ್ಜೆ 2: ಜೀವ ಇರುವ ಪೊಟ್ಟಣವನ್ನು ಕೊಳ್ಳಿ

ಜೈವಿಕ ಗೊಬ್ಬರಗಳು ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬಂದಿವೆ. ಆ ಮಾನದಂಡದ ಪ್ರಕಾರ ಪುಡಿಯ ಪ್ರತಿ ಗ್ರಾಮಿನಲ್ಲಿ ಕನಿಷ್ಠ 5 ಕೋಟಿ, ದ್ರವದ ಪ್ರತಿ ಮಿಲೀಟರಿನಲ್ಲಿ ಕನಿಷ್ಠ 10 ಕೋಟಿ ಜೀವಂತ ಕೋಶಗಳು ಇರಬೇಕು. ಪುಡಿಯಲ್ಲಿ ನೂರಕ್ಕೆ 30ರಿಂದ 40 ಪಾಲು ತೇವಾಂಶ ಇರಬೇಕು. ಪೊಟ್ಟಣವನ್ನು ಒತ್ತಿ ನೋಡಿದರೆ ಸ್ವಲ್ಪ ತಿಳಿಯುತ್ತದೆ: ಒಳಗಿನ ಪುಡಿ ಮೆತ್ತಗೆ ತೇವವಾಗಿರಬೇಕು, ಸಿಮೆಂಟಿನ ಪುಡಿಯಂತೆ ಒಣಗಿ ಧೂಳೇಳುವಂತಿದ್ದರೆ ಮರಳಿ ಕೊಡಿ. ದ್ರವದ ಬಾಟಲಿ ಉಬ್ಬಿದ್ದರೆ, ಕೊಳೆತ ನಾತ ಬಂದರೆ ಬೇಡ.

ಲೇಬಲ್ಲಿನ ಮೇಲೆ ಜೀವಿಯ ಹೆಸರು, ಕೋಶಗಳ ಸಂಖ್ಯೆ, ತಯಾರಾದ ದಿನ, ಅವಧಿ ಮುಗಿಯುವ ದಿನ, ಬ್ಯಾಚ್ ಸಂಖ್ಯೆ, ತಯಾರಕರ ವಿಳಾಸ ಇರಬೇಕು. ಬರೀ ‘ಉಪಯುಕ್ತ ಜೀವಾಣುಗಳು’ ಎಂದು ಬರೆದು ಇಳುವರಿ ಒಂದೂವರೆ ಪಟ್ಟು ಎಂದು ಭರವಸೆ ಕೊಡುವುದನ್ನು ಅಲ್ಲೇ ಬಿಟ್ಟು ಬನ್ನಿ. ದಿನಾಂಕಕ್ಕಿಂತ ದೊಡ್ಡ ಪ್ರಶ್ನೆ, ಆ ಪೊಟ್ಟಣ ಏಪ್ರಿಲ್-ಮೇ ತಿಂಗಳನ್ನು ಎಲ್ಲಿ ಕಳೆಯಿತು ಎಂಬುದು. ತಗಡಿನ ಸೂರಿನ ಗೋದಾಮಿನಲ್ಲಿ ಬೇಸಗೆ ಕಳೆದ ಸರಕಿನಲ್ಲಿ ದಿನಾಂಕ ಉಳಿದಿರುತ್ತದೆ, ಕೋಶಗಳು ಉಳಿದಿರುವುದಿಲ್ಲ. ಆದ್ದರಿಂದ ಮುಂಗಾರಿನ ಬಿತ್ತನೆಗೆ ಜೂನ್‌ನಲ್ಲಿ ಹೊಸದಾಗಿ ಬಂದದ್ದನ್ನೇ ಕೇಳಿ ತನ್ನಿ.

ಆಗುವುದಾದರೆ ತಯಾರಿಸುವ ಕಡೆಯಿಂದಲೇ ತರುವುದು ಉತ್ತಮ. ಮಾಂಜರಿಯ ವಸಂತದಾದಾ ಶುಗರ್ ಇನ್‌ಸ್ಟಿಟ್ಯೂಟ್ ಕಬ್ಬಿಗೆಂದು ಜೈವಿಕ ಗೊಬ್ಬರಗಳನ್ನು ತಯಾರಿಸುತ್ತದೆ. ಊರಿನ ಹೊಲಕ್ಕೆ ಬೇಕಾದರೆ ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಚಾರಿಸಬಹುದು. ತಂದದ್ದನ್ನು ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಮನೆಯ ತಂಪು ಕೋಣೆಯ ನೆಲದ ಮೇಲಿಡಿ. ಫ್ರೀಜರ್ ಬೇಡವೇ ಬೇಡ.

ಹೆಜ್ಜೆ 3: ಬೇರಿನ ಬಳಿಗೇ ತಲುಪಿಸಿ

ಎಕರೆಗೆ 2 ಕಿಲೋ ಪುಡಿ ಎರಚಿದಿರಿ ಎಂದುಕೊಳ್ಳಿ. ಗ್ರಾಮಿಗೆ 5 ಕೋಟಿಯಂತೆ ಒಟ್ಟು 10,000 ಕೋಟಿ ಕೋಶಗಳು. ದೊಡ್ಡ ಸಂಖ್ಯೆ. ಅದನ್ನು ಮೇಲೆ ಹೇಳಿದ 9 ಲಕ್ಷ ಕಿಲೋ ಮಣ್ಣಿಗೆ ಹಂಚಿದರೆ ಒಂದು ಗ್ರಾಂ ಮಣ್ಣಿಗೆ ಸಿಗುವುದು ನೂರರ ಆಸುಪಾಸು. ಒಂದು ಗ್ರಾಂ ಹೊಲದ ಮಣ್ಣಿನಲ್ಲಿ ಮೊದಲೇ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ವಾಸವಾಗಿವೆ. ಆ ಜಾತ್ರೆಯಲ್ಲಿ ಈ ನೂರು ಜನರನ್ನು ಯಾರು ಕೇಳುತ್ತಾರೆ?

ಈಗ ಬೀಜೋಪಚಾರದ ಲೆಕ್ಕ. ಕಿಲೋ ಬೀಜಕ್ಕೆ 25 ಗ್ರಾಂ ಪುಡಿ ಎಂದರೆ 125 ಕೋಟಿ ಕೋಶಗಳು. ಒಂದು ಕಿಲೋ ಕಡಲೆಯಲ್ಲಿ ಸುಮಾರು 5,000 ಕಾಳುಗಳಿದ್ದರೆ, ಪ್ರತಿ ಕಾಳಿನ ಮೇಲೆ ಎರಡೂವರೆ ಲಕ್ಷ. ಮೊಳಕೆಯ ಬೇರು ಹೊರಬರುತ್ತಲೇ ಅವುಗಳ ನಡುವೆಯೇ ಇಳಿಯುತ್ತದೆ. ಆ ಒಂದೆರಡು ಮಿಲಿಮೀಟರ್ ಜಾಗದಲ್ಲಿ, ಬೇರು ಒಸರುವ ಸಕ್ಕರೆಯ ಪಕ್ಕದಲ್ಲೇ, ಅವು ನೆಲೆಯೂರುತ್ತವೆ. ಆದ್ದರಿಂದ ನನ್ನ ಆದ್ಯತೆ ಹೀಗಿದೆ: ಬಿತ್ತುವ ಬೆಳೆಗೆ ಬೀಜೋಪಚಾರ, ನಾಟಿ ಮಾಡುವ ಬೆಳೆಗೆ ಬೇರು ಅದ್ದುವುದು, ನಿಂತ ತೋಟಕ್ಕೆ ಹನಿ ನೀರಿನ ಮೂಲಕ ಕೊಡುವುದು. ಬರೀ ಪುಡಿ ಎರಚುವುದು ಆ ಪಟ್ಟಿಯಲ್ಲೇ ಇಲ್ಲ.

ಬೀಜೋಪಚಾರ ಹೀಗೆ. ಒಂದು ಲೀಟರ್ ನೀರಿಗೆ 125 ಗ್ರಾಂ ಬೆಲ್ಲ ಹಾಕಿ ಕುದಿಸಿ ಪೂರ್ತಿ ಆರಿಸಿ. ಬಿಸಿ ಪಾಕಕ್ಕೆ ಪುಡಿ ಹಾಕಿದರೆ ಕಥೆ ಅಲ್ಲಿಗೇ ಮುಗಿಯಿತು. 10 ಕಿಲೋ ಬೀಜವನ್ನು ನೆರಳಿನಲ್ಲಿ ತಾಡಪಾಲಿನ ಮೇಲೆ ಹರಡಿ, 250 ಗ್ರಾಂ ಪುಡಿಯನ್ನು ಬೇಕಾದಷ್ಟೇ ಬೆಲ್ಲದ ನೀರಿನಲ್ಲಿ ಕಲಸಿ ಚಿಮುಕಿಸಿ, ಎಲ್ಲ ಕಾಳಿಗೂ ತೆಳುವಾಗಿ ಹತ್ತುವಂತೆ ಕೈಯಾಡಿಸಿ. ಬೀಜ ನೆನೆಯುವಷ್ಟು ನೀರು ಬೇಡ. ಸೋಯಾ ಅವರೆಯ ಸಿಪ್ಪೆ ಬಹಳ ತೆಳು. ಉಜ್ಜಿದರೆ ಸುಲಿದು ಮೊಳಕೆ ಹಾಳಾಗುತ್ತದೆ. ಅದನ್ನು ತಾಡಪಾಲಿನ ತುದಿ ಹಿಡಿದು ಹೊರಳಾಡಿಸಿದರೆ ಸಾಕು. ಅರ್ಧ ಗಂಟೆ ನೆರಳಿನಲ್ಲಿ ಆರಿಸಿ ಅದೇ ದಿನ ಬಿತ್ತಿ. ದ್ವಿದಳ ಬೆಳೆಗೆ ರೈಜೋಬಿಯಂ ಜೊತೆಗೇ ಹಚ್ಚಬಹುದು, ಹಚ್ಚಲೂ ಬೇಕು. ಗಂಟುಗಳಲ್ಲಿ ಸಾರಜನಕ ಹಿಡಿಯುವ ಕೆಲಸಕ್ಕೆ ಬಹಳ ಶಕ್ತಿ ಬೇಕು, ಆ ಶಕ್ತಿಯ ವಹಿವಾಟೆಲ್ಲ ರಂಜಕದ ಮೂಲಕವೇ ನಡೆಯುತ್ತದೆ. ಬೀಜಕ್ಕೆ ಶಿಲೀಂಧ್ರನಾಶಕ, ಕೀಟನಾಶಕ ಹಚ್ಚುವುದಿದ್ದರೆ ಅವು ಮೊದಲು, ಅದೇ ಕ್ರಮದಲ್ಲಿ. ಅವು ಒಣಗಿದ ಮೇಲೆ, ಕೊನೆಗೆ, ಬಿತ್ತುವ ಮುಂಚೆ ಬ್ಯಾಕ್ಟೀರಿಯಾ.

ಈರುಳ್ಳಿ, ಟೊಮೆಟೊ, ಬದನೆ, ಮೆಣಸಿನ ಸಸಿಗಳಿಗೆ 10 ಲೀಟರ್ ನೀರಿನಲ್ಲಿ 1 ಕಿಲೋ ಪುಡಿ ಕಲಸಿ, ಸಸಿಗಳ ಬೇರನ್ನು 15ರಿಂದ 30 ನಿಮಿಷ ಅದ್ದಿ ನಾಟಿ ಮಾಡಿ. ಮಾವಳದಲ್ಲಿ ಇಂದ್ರಾಯಣಿ ಭತ್ತ ನಾಟಿ ಮಾಡುವವರು ಗದ್ದೆಯ ಮೂಲೆಯಲ್ಲೇ ಸಣ್ಣ ಮಡಿ ಕಟ್ಟಿ, ನೀರು ನಿಲ್ಲಿಸಿ, ಪುಡಿ ಕದಡಿ ಸಸಿಯ ಕಟ್ಟುಗಳನ್ನು ನಿಲ್ಲಿಸಬಹುದು. ನಳದ ನೀರಾದರೆ ಹಿಂದಿನ ರಾತ್ರಿಯೇ ಬಾಯಗಲ ಬಕೆಟ್ಟಿನಲ್ಲಿ ಹಿಡಿದಿಡಿ, ಕ್ಲೋರಿನ್ ಹಾರಿಹೋಗಲಿ. ಬಾವಿಯ ನೀರಿಗೆ ಈ ಗೊಡವೆಯಿಲ್ಲ.

ಕಬ್ಬಿಗೆ ಮಹಾರಾಷ್ಟ್ರದಲ್ಲಿ ರೂಢಿಯಲ್ಲಿರುವ ಪ್ರಮಾಣ ಹೆಕ್ಟೇರಿಗೆ 1.25 ಕಿಲೋ ಪಿಎಸ್‌ಬಿ. ಅದನ್ನು ಸಾರಜನಕ ಹಿಡಿಯುವ ಅಸಿಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಜೊತೆ 100 ಲೀಟರ್ ನೀರಿನಲ್ಲಿ ಕಲಸಿ ಬಿತ್ತನೆಯ ತುಂಡುಗಳನ್ನು ಅರ್ಧ ಗಂಟೆ ಅದ್ದುತ್ತಾರೆ. ಔಷಧದಲ್ಲಿ ಅದ್ದುವುದಿದ್ದರೆ ಅದು ಮೊದಲು ಮುಗಿದಿರಬೇಕು.

ಮಣ್ಣಿಗೇ ಕೊಡಬೇಕಾದರೆ ಎಕರೆಗೆ 2 ಕಿಲೋ ಪುಡಿಯನ್ನು 100 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ನೀರು ಚಿಮುಕಿಸಿ, ನೆರಳಿನಲ್ಲಿ ಒದ್ದೆ ಗೋಣಿ ಮುಚ್ಚಿ ಒಂದು ವಾರ ಬಿಡಿ. ಬ್ಯಾಕ್ಟೀರಿಯಾ ಅಲ್ಲಿಯೇ ವೃದ್ಧಿಯಾಗುತ್ತದೆ. ಆಮೇಲೆ ಸಾಲಿನೊಳಗೆ, ಬೀಜ ಬೀಳುವ ಜಾಗಕ್ಕೆ ಹಾಕಿ, ಸಂಜೆ ಹೊತ್ತು, ನೆಲ ಹಸಿಯಿರುವಾಗ. ಪುರಂದರದ ಅಂಜೂರ, ಸೀತಾಫಲದಂಥ ಗಿಡಗಳಿಗೆ ತಲಾ 25ರಿಂದ 50 ಗ್ರಾಂ ಪುಡಿಯನ್ನು ಹೀಗೆ ಗೊಬ್ಬರದ ಜೊತೆ ಕೊಡಿ. ಕಾಂಡದ ಬುಡಕ್ಕಲ್ಲ, ಹೀರುವ ಬೇರುಗಳಿರುವ ಹಬ್ಬುಗೆಯ ಅಂಚಿನ ಕೆಳಗೆ.

ಹನಿ ನೀರಾವರಿಗೆ ದ್ರವರೂಪದ್ದನ್ನೇ ಬಳಸಿ. ಪುಡಿ ಹಾಕಿದರೆ ಡ್ರಿಪ್ಪರುಗಳು ಕಟ್ಟಿಕೊಳ್ಳುತ್ತವೆ. ಎಕರೆಗೆ ಅರ್ಧದಿಂದ ಒಂದು ಲೀಟರ್, ಲೇಬಲ್ ಹೇಳುವಂತೆ. ನೀರು ಬಿಡುವ ಅವಧಿಯ ಕೊನೆಯ ಭಾಗದಲ್ಲಿ ವೆಂಚುರಿಯಿಂದ (ಪೈಪಿನ ನೀರಿಗೆ ದ್ರವವನ್ನು ಎಳೆದುಕೊಳ್ಳುವ ಸಾಧನ) ಬಿಡಿ, ನಂತರ ಪೈಪು ತೊಳೆಯುವಷ್ಟು ಮಾತ್ರ ನೀರು ಹರಿಸಿ. ಆಮ್ಲ ಅಥವಾ ಕ್ಲೋರಿನ್ ಹಾಕಿ ಪೈಪು ತೊಳೆದ ವಾರದಲ್ಲಿ ಇದನ್ನು ಮಾಡಬೇಡಿ. ತಾಮ್ರದ ಔಷಧಗಳು, ಬ್ಯಾಕ್ಟೀರಿಯಾನಾಶಕ ಔಷಧಗಳು ಈ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತವೆ. ಅವುಗಳಿಗೂ ಪಿಎಸ್‌ಬಿಗೂ ಕನಿಷ್ಠ ಒಂದು ವಾರದ ಅಂತರವಿರಲಿ. ರಸಗೊಬ್ಬರವನ್ನು ಒಂದೇ ಬಕೆಟ್ಟಿನಲ್ಲಿ ಬೆರೆಸುವುದೂ ಬೇಡ.

ಹೆಜ್ಜೆ 4: ಹೊಟ್ಟೆಗೆ ಹಾಕಿ

ಆಮ್ಲ ತಯಾರಾಗುವುದು ಇಂಗಾಲದಿಂದ. ಸಾವಯವ ಇಂಗಾಲ ನೂರಕ್ಕೆ ಅರ್ಧ ಪಾಲಿಗಿಂತ ಕಡಿಮೆಯಿರುವ ಹೊಲದಲ್ಲಿ ಎಷ್ಟು ಪೊಟ್ಟಣ ಹಾಕಿದರೂ ಅವು ಉಪವಾಸ ಬೀಳುತ್ತವೆ. ಕಬ್ಬಿನ ರವದಿ ಸುಡುವುದನ್ನು ನಿಲ್ಲಿಸುವುದು, ಸೆಣಬನ್ನೋ ಡಯಂಚವನ್ನೋ ಬಿತ್ತಿ ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸುವುದು, ಕೊಟ್ಟಿಗೆ ಗೊಬ್ಬರ: ದಾರಿಗಳು ಎಲ್ಲರಿಗೂ ಗೊತ್ತಿರುವವೇ. ಒಂದು ಸೂಕ್ಷ್ಮವಿದೆ. ಇಂಗಾಲ ಹೆಚ್ಚು, ರಂಜಕ ಕಡಿಮೆ ಇರುವ ಒಣ ರವದಿಯಂಥದ್ದನ್ನು ಬಿತ್ತನೆಯ ಹೊತ್ತಿಗೆ ಮಣ್ಣಿಗೆ ಸೇರಿಸಿದರೆ, ಅದನ್ನು ಕಳಿಸುವ ಸೂಕ್ಷ್ಮಜೀವಿಗಳು ಇರುವ ರಂಜಕವನ್ನೂ ತಾವೇ ಉಂಡು ಬೆಳೆಗೆ ತಾತ್ಕಾಲಿಕ ಕೊರತೆ ತರುತ್ತವೆ. ಅವು ಸತ್ತಾಗ, ಅಥವಾ ಮಣ್ಣಿನ ಏಕಕೋಶ ಜೀವಿಗಳು ಅವನ್ನು ತಿಂದಾಗ, ಆ ರಂಜಕ ಮರಳಿ ಬರುತ್ತದೆ. ಆದ್ದರಿಂದ ಒರಟು ಕಸವನ್ನು ಬಿತ್ತನೆಗೆ ಸಾಕಷ್ಟು ಮೊದಲೇ ಸೇರಿಸಿ, ಇಲ್ಲವೇ ಮೇಲೆ ಹೊದಿಕೆಯಾಗಿ ಬಿಡಿ.

ಪುಣೆಯ ಪಶ್ಚಿಮದ ಹುಳಿ ನೆಲದವರಿಗೂ ಗೋವೆಯ ಜಂಬಿಟ್ಟಿಗೆ ಮಣ್ಣಿನಲ್ಲಿ ತೋಟ ಮಾಡಿರುವ ನಮ್ಮವರಿಗೂ ಇನ್ನೊಂದು ಅನುಕೂಲವಿದೆ: ಶಿಲಾರಂಜಕ, ಅಂದರೆ ರಾಕ್ ಫಾಸ್ಫೇಟ್. ರಾಜಸ್ಥಾನದ ಉದಯಪುರದ ಬಳಿಯ ಝಾಮರಕೋಟ್ರಾದಂಥ ಗಣಿಗಳಿಂದ ಬರುವ ಈ ಪುಡಿ ಹುಳಿ ಮಣ್ಣಿನಲ್ಲಿ ತಾನೇ ನಿಧಾನವಾಗಿ ಕರಗುತ್ತದೆ. ಬಾರಾಮತಿಯ ಸುಣ್ಣದ ನೆಲಕ್ಕೆ ಅದನ್ನು ನೇರವಾಗಿ ಹಾಕುವುದು ಕಲ್ಲಿನ ಮೇಲೆ ಕಲ್ಲು ಹಾಕಿದಷ್ಟೇ ಪ್ರಯೋಜನ. ಅಲ್ಲಿಯವರು ಅದನ್ನು ಕಾಂಪೋಸ್ಟ್ ಮೂಲಕ ಬಳಸಬಹುದು. 100 ಕಿಲೋ ಅರೆ ಕಳಿತ ಗೊಬ್ಬರಕ್ಕೆ ಹತ್ತು ಕಿಲೋದಷ್ಟು ಶಿಲಾರಂಜಕ ಬೆರೆಸಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ತೇವ ಮಾಡಿ ರಾಶಿ ಹಾಕಿ. ರಾಶಿಯ ಕಾವು ಇಳಿದು, ಕೈ ಒಳಗಿಟ್ಟರೆ ಹಿತವೆನಿಸಿದಾಗ ಪಿಎಸ್‌ಬಿ ಸೇರಿಸಿ. ಬಿಸಿ ರಾಶಿಗೆ ಹಾಕಿದರೆ ಸ್ಯೂಡೋಮೊನಾಸ್ ಉಳಿಯುವುದಿಲ್ಲ; ಬ್ಯಾಸಿಲಸ್ ಬೀಜಕಗಳಾಗಿ ತಾಳಿಕೊಳ್ಳುತ್ತದೆ. ಆಗಾಗ ತಿರುವಿ ಹಾಕುತ್ತಾ ಒಂದೂವರೆ ಎರಡು ತಿಂಗಳು ಬಿಡಿ.

ಹೆಜ್ಜೆ 5: ಗೊಬ್ಬರ ಎಷ್ಟು ಕಡಿಮೆ ಮಾಡಬಹುದು, ಅದನ್ನು ತಿಳಿಯುವುದು ಹೇಗೆ

ಪಿಎಸ್‌ಬಿ ಬಳಸಿದರೆ ಶಿಫಾರಸಿನ ರಂಜಕದಲ್ಲಿ ಕಾಲು ಭಾಗ ಉಳಿಸಬಹುದು ಎಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ಅದನ್ನು ನಂಬುವುದೂ ಬೇಡ, ತಳ್ಳಿಹಾಕುವುದೂ ಬೇಡ; ನಿಮ್ಮ ಹೊಲದಲ್ಲೇ ನೋಡಿ. ಇಲ್ಲಿ ಹೆಚ್ಚಿನವರು ಮಾಡುವ ಹೋಲಿಕೆಯೇ ಸರಿಯಿಲ್ಲ. ಒಂದು ಕಡೆ ಪೂರ್ತಿ ಡಿಎಪಿ, ಇನ್ನೊಂದು ಕಡೆ ಮುಕ್ಕಾಲು ಡಿಎಪಿ ಮತ್ತು ಪಿಎಸ್‌ಬಿ ಹಾಕಿ, ಎರಡೂ ಒಂದೇ ಇಳುವರಿ ಕೊಟ್ಟರೆ ಬ್ಯಾಕ್ಟೀರಿಯಾಕ್ಕೆ ಜಯಕಾರ ಹಾಕುತ್ತಾರೆ. ಆ ನೆಲಕ್ಕೆ ಮುಕ್ಕಾಲು ಡಿಎಪಿಯೇ ಸಾಕಾಗಿತ್ತೋ ಏನೋ! ಪೊಟ್ಟಣವೇ ಇಲ್ಲದೆಯೂ ಅಷ್ಟೇ ಬೆಳೆ ಬರುತ್ತಿತ್ತೋ ಏನೋ!

ಆದ್ದರಿಂದ ಮೂರು ಪಟ್ಟೆ ಬೇಕು: ಪೂರ್ತಿ ರಂಜಕ, ಮುಕ್ಕಾಲು ರಂಜಕ, ಮುಕ್ಕಾಲು ರಂಜಕ ಮತ್ತು ಪಿಎಸ್‌ಬಿ. ಎರಡನೆಯದಕ್ಕಿಂತ ಮೂರನೆಯದು ಮುಂದಿದ್ದರೆ ಮಾತ್ರ ಶ್ರೇಯ ಪಿಎಸ್‌ಬಿಯದು. ಎರಡನೆಯದೇ ಮೊದಲನೆಯದಕ್ಕೆ ಸಮನಾದರೆ ಇನ್ನೂ ಒಳ್ಳೆಯ ಸುದ್ದಿ: ಗೊಬ್ಬರ ಉಳಿಯಿತು, ಪೊಟ್ಟಣವೂ ಉಳಿಯಿತು. ಡಿಎಪಿಯಲ್ಲಿ ನೂರಕ್ಕೆ 18 ಪಾಲು ಸಾರಜನಕವೂ 46 ಪಾಲು ರಂಜಕದ ಪೆಂಟಾಕ್ಸೈಡೂ ಇರುವುದರಿಂದ, ಡಿಎಪಿ ಕಡಿಮೆ ಮಾಡಿದ ಪಟ್ಟೆಗಳಿಗೆ ಆ ಸಾರಜನಕವನ್ನು ಯೂರಿಯಾದಿಂದ ತುಂಬಿಕೊಡಿ. ಇಲ್ಲದಿದ್ದರೆ ಸಾರಜನಕದ ಕೊರತೆಯನ್ನು ರಂಜಕದ ಲೆಕ್ಕಕ್ಕೆ ಬರೆಯುತ್ತೀರಿ. ಬೆಲ್ಲದ ನೀರನ್ನು ಮೂರೂ ಪಟ್ಟೆಯ ಬೀಜಕ್ಕೆ ಹಚ್ಚಿ. ಪಟ್ಟೆಗಳನ್ನು ಹೊಲದ ಎರಡು ಮೂರು ಕಡೆ ಕ್ರಮ ಬದಲಿಸಿ ಮರುಕಳಿಸಿ, ಏಕೆಂದರೆ ಕಾಲುವೆಯ ಬದಿಯ ಪಟ್ಟೆ ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ಕಣ್ಣಂದಾಜು ಬೇಡ, ಕೊಯ್ಲಿನಲ್ಲಿ ತೂಗಿ ಬರೆದಿಡಿ. ಕೊರತೆಯ ಮಣ್ಣಿನಲ್ಲಾದರೆ ಉಳಿದ ಹೊಲಕ್ಕೆಲ್ಲ ಪೂರ್ತಿ ಗೊಬ್ಬರ ಕೊಟ್ಟು ಪರೀಕ್ಷೆಯನ್ನು ಈ ಪಟ್ಟೆಗಳಿಗಷ್ಟೇ ಸೀಮಿತಗೊಳಿಸಿ.

ಮೈಕೋರೈಜಾ ಬೇರೆ ಸಂಗತಿ

ಅಂಗಡಿಯವರು ಎರಡನ್ನೂ ಒಟ್ಟಿಗೆ ಮಾರುವುದರಿಂದ ಹೇಳುತ್ತಿದ್ದೇನೆ. ಮೈಕೋರೈಜಾ ಎಂಬುದು ಬೇರಿನೊಳಗೇ ಮನೆ ಮಾಡಿ, ಬರಿದಾದ ಆ ಒಂದೆರಡು ಮಿಲಿಮೀಟರ್ ದಾಟಿ ದೂರದಿಂದ ರಂಜಕ ಹೊತ್ತು ತರುವ ಶಿಲೀಂಧ್ರ. ಅದು ಸಾಗಿಸುವ ಆಳು, ಪಿಎಸ್‌ಬಿ ಬಿಡಿಸುವ ಆಳು. ಇಬ್ಬರೂ ಕೂಡಿ ದುಡಿಯಬಲ್ಲರು. ಕವಲು ಕಡಿಮೆ ಇರುವ ಈರುಳ್ಳಿಯ ಬೇರಿಗೆ ಇದರ ಉಪಕಾರ ಹೆಚ್ಚು, ಸಸಿಮಡಿಯಲ್ಲೇ ಕೊಡಿ. ಎಲೆಕೋಸು, ಹೂಕೋಸು, ಸಾಸಿವೆ, ಮೂಲಂಗಿ, ಪಾಲಕ್, ಬೀಟ್‌ರೂಟ್‌ಗಳ ಬೇರಿನಲ್ಲಿ ಅದು ನೆಲೆಸುವುದಿಲ್ಲ, ಅವಕ್ಕೆ ಕೊಂಡು ತರಬೇಡಿ. ಲಭ್ಯ ರಂಜಕ ಹೆಚ್ಚಿರುವ ನೆಲದಲ್ಲೂ ಗಿಡ ಅದನ್ನು ಹತ್ತಿರ ಬಿಟ್ಟುಕೊಳ್ಳುವುದು ಕಡಿಮೆ.

ತಾರಸಿಯ ಕುಂಡಗಳಿಗೆ

ಕೋಥರೂಡ್, ಪಿಂಪ್ರಿ ಕಡೆಯ ಫ್ಲ್ಯಾಟುಗಳ ಬಾಲ್ಕನಿಯಲ್ಲಿ ಕರಿಬೇವು, ತುಳಸಿ, ಟೊಮೆಟೊ ಬೆಳೆಸುವವರೂ ಈ ಬಾಟಲಿ ಕೊಳ್ಳುವುದನ್ನು ನೋಡಿದ್ದೇನೆ. ತೆಂಗಿನ ನಾರಿನ ಪುಡಿಯೇ ಮುಖ್ಯವಾಗಿರುವ ಕುಂಡದಲ್ಲಿ ಕರಗಿಸಲು ಸಿಕ್ಕಿಬಿದ್ದ ರಂಜಕವೇ ಇಲ್ಲ. ಅಲ್ಲಿ ಎರೆಹುಳು ಗೊಬ್ಬರವೋ ಅಡುಗೆಮನೆಯ ಕಾಂಪೋಸ್ಟೋ ಸಾಕು. ಮೂಳೆಪುಡಿ ಬಳಸುವವರಾದರೆ ಆಗ ಪಿಎಸ್‌ಬಿಗೆ ಕೆಲಸವಿದೆ. ಮೂಳೆಯ ರಂಜಕವೂ ಕ್ಯಾಲ್ಸಿಯಂ ಜೊತೆಗೇ ಕೂಡಿರುತ್ತದೆ. ಒಂದು ಚಮಚ ಪಿಎಸ್‌ಬಿ ಪುಡಿಯನ್ನು ಒಂದು ಮುಷ್ಟಿ ಕಾಂಪೋಸ್ಟಿನಲ್ಲಿ ಬೆರೆಸಿ ಬೇರಿನ ಬಳಿ ಹಾಕಿ, ಮಣ್ಣು ಮುಚ್ಚಿ, ನೀರು ಕೊಡಿ. ಒಡೆದ ಪೊಟ್ಟಣದಲ್ಲಿ ಉಳಿದದ್ದನ್ನು ಮುಂದಿನ ವರ್ಷಕ್ಕೆಂದು ಎತ್ತಿಡುವ ಬದಲು ಸೊಸೈಟಿಯ ಹಸಿ ಕಸದ ಕಾಂಪೋಸ್ಟ್ ತೊಟ್ಟಿಗೆ, ಕಾವು ಇಳಿದ ಭಾಗಕ್ಕೆ, ಸುರಿದುಬಿಡಿ.